ಜಿಆರ್86ಗೆ ಹೊಸ ಅಲಾಯ್, ಅಗಲದ ಟೈರ್: ಅಳತೆ ಹಿಡಿದು ಆರಿಸುವ ಸಮಗ್ರ ಮಾರ್ಗದರ್ಶಿ

ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರು, ಅದರ ಜೋಡಿ ಸುಬರು ಬಿಆರ್‌ಝೆಡ್, ಆಮೇಲೆ ಬಂದ ಜಿಆರ್86, ಇವುಗಳನ್ನು ಕೊಂಡವರು ಮೊದಲು ಬದಲಾಯಿಸಲು ಹೊರಡುವುದು ಚಕ್ರಗಳನ್ನೇ. ಅದು ತಪ್ಪಲ್ಲ. ಕಾರ್ಖಾನೆಯಿಂದ ಬರುವ 215 ಅಗಲದ ಟೈರು ಈ ಕಾರಿನ ಚಾಸಿಗೆ ಕಡಿಮೆಯೇ. ತಪ್ಪುವುದು ಆರಿಸುವ ಕ್ರಮದಲ್ಲಿ. ಮೊದಲು ಕಣ್ಣಿಗೆ ಹಿಡಿಸಿದ ಚಕ್ರ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಟೈರು ಹುಡುಕುತ್ತಾರೆ, ಕೊನೆಗೆ ಅದು ಎಲ್ಲಿ ಉಜ್ಜುತ್ತಿದೆ ಎಂದು ಮಡ್‌ಗಾರ್ಡ್ ಒಳಗೆ ಟಾರ್ಚ್ ಹಿಡಿದು ಕೂರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ಬಳಕೆ, ಆಮೇಲೆ ಟೈರು, ಆಮೇಲೆ ರಿಮ್ಮಿನ ಅಗಲ, ಆಮೇಲೆ ನಿಮ್ಮದೇ ಕಾರಿನ ಒಳಗೂ ಹೊರಗೂ ಇರುವ ಜಾಗದ ಅಳತೆ, ಅದರಿಂದ ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದರ ಅಂಕಿ. ಬಣ್ಣ, ಕಡ್ಡಿಗಳ ವಿನ್ಯಾಸ ಎಲ್ಲಕ್ಕಿಂತ ಕೊನೆಗೆ.

ಟೊಯೋಟಾ ಈ ಕಾರನ್ನು ಭಾರತದಲ್ಲಿ ಅಧಿಕೃತವಾಗಿ ಮಾರಿಲ್ಲ. ಹಾಗಾಗಿ ಇಲ್ಲಿನ ಉದಾಹರಣೆಗಳು ಅಮೆರಿಕದಲ್ಲಿ ಈ ಕಾರು ಇಟ್ಟುಕೊಂಡಿರುವವರನ್ನು ಮನಸ್ಸಿನಲ್ಲಿಟ್ಟು ಬರೆದವು. ಲೆಕ್ಕದ ವಿಧಾನ ಮಾತ್ರ ಯಾವ ಕಾರಿಗೂ ನಡೆಯುತ್ತದೆ.

ಹಂತ 1: ಕಾರಿನ ಮೂಲ ಅಂಕಿಗಳನ್ನು ಬರೆದಿಟ್ಟುಕೊಳ್ಳಿ

ಈ ಕಾರುಗಳ ಬೋಲ್ಟ್ ವೃತ್ತ, ಅಂದರೆ ಪಿಸಿಡಿ, 5×100: ನೂರು ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ತೂತು. ಚಕ್ರ ಕೂರುವ ಹಬ್ಬಿನ ಮಧ್ಯದ ಉಬ್ಬಿನ ವ್ಯಾಸ 56.1 ಮಿ.ಮೀ. ನಟ್ಟು ಕೂರುವ ಸ್ಟಡ್ಡಿನ ಮರೆ, ಅಂದರೆ ಥ್ರೆಡ್, ಎಂ12×1.25 (12 ಮಿ.ಮೀ. ವ್ಯಾಸ, ಸುತ್ತಿಗೆ 1.25 ಮಿ.ಮೀ.). ನಟ್ಟಿನ ತಳ 60 ಡಿಗ್ರಿ ಶಂಕುವಿನಾಕಾರ. ಬಿಗಿಯುವ ಟಾರ್ಕ್ 120 ನ್ಯೂಟನ್ ಮೀಟರ್. ಮೊದಲ ತಲೆಮಾರಿನ 86ಕ್ಕೆ 17×7 (ಇಂಚಿನಲ್ಲಿ ವ್ಯಾಸ×ಅಗಲ) ರಿಮ್, ಜಿಆರ್86ರ ಕೆಳ ಮಾದರಿಗೆ 17×7.5, ಮೇಲಿನ ಮಾದರಿಗೆ 18×7.5. ಮೂರಕ್ಕೂ ಆಫ್‌ಸೆಟ್ +48. ಟೈರು 17ಕ್ಕೆ 215/45 ಆರ್17, 18ಕ್ಕೆ 215/40 ಆರ್18.

ಪಿಸಿಡಿ ಒಂದೇ ಆದರೆ ಸಾಕು ಎಂದುಕೊಂಡು ಮೋಸ ಹೋಗುವವರು ಬಹಳ. 2004ರಿಂದ 2022ರವರೆಗಿನ ಟೊಯೋಟಾ ಪ್ರಿಯಸ್ ಚಕ್ರವೂ 5×100, ಆದರೆ ಅದರ ನಡುವಿನ ತೂತು 54.1 ಮಿ.ಮೀ. 56.1ರ ಹಬ್ಬಿಗೆ ಅದು ಕೂರುವುದೇ ಇಲ್ಲ. ನಮ್ಮಲ್ಲಿ ಓಡಾಡುವ ಫೋಕ್ಸ್‌ವ್ಯಾಗನ್ ಪೋಲೋ ಕೂಡ 5×100. ಅದರ ತೂತು 57.1, ಜೊತೆಗೆ ಅದಕ್ಕೆ ಸ್ಟಡ್ ಇಲ್ಲ, ಎಂ14 ಬೋಲ್ಟ್ ಇದೆ, ಅದೂ ಗುಂಡು ತಳದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 'ಐದು ನೂರು', ಅಂದರೆ 5×100, ಎಂದು ಕೇಳಿದರೆ ಎದುರಿಗಿಡುವ ಅಲಾಯ್‌ಗಳಲ್ಲಿ ಪೋಲೋಗಾಗಿ ಬಂದವೂ ಇರಬಹುದು ಎಂಬುದು ನೆನಪಿರಲಿ. ಅತ್ತ 2014ರವರೆಗಿನ ಸುಬರು ಡಬ್ಲ್ಯುಆರ್‌ಎಕ್ಸ್ ಚಕ್ರಗಳು 5×100, 56.1. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಒಳ್ಳೆಯ ಮಾಲು ಇದೇ. 2015ರಿಂದ ಅದೂ 5×114.3 ಆಯಿತು, ಆದ್ದರಿಂದ ವರ್ಷ ಕೇಳಿಯೇ ಕೊಳ್ಳಿ.

ಐದು ತೂತಿನ ಚಕ್ರದ ಪಿಸಿಡಿ ಅಳೆಯಲು ಎದುರುಬದುರು ತೂತುಗಳಿರುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಅಳೆದು 1.701ರಿಂದ ಗುಣಿಸಿ. 58.8 ಮಿ.ಮೀ. ಬಂದರೆ 100, 67.2 ಬಂದರೆ 114.3. ವರ್ನಿಯರ್ ಕೈಯಲ್ಲಿದ್ದರೆ ಒಂದು ನಿಮಿಷದ ಕೆಲಸ.

ಹಂತ 2: ಕಾರು ಎಲ್ಲಿ ಓಡುತ್ತದೆ?

ದಿನವೂ ಕೆಲಸಕ್ಕೆ ಹೋಗುವ ಕಾರಿಗೆ 17 ಇಂಚೇ ಸಾಕು, ಸಾಕು ಮಾತ್ರವಲ್ಲ, ಅದೇ ಮೇಲು. 215/40 ಆರ್18ರ ಪಕ್ಕಗೋಡೆ 86 ಮಿ.ಮೀ., 245/40 ಆರ್17ರದ್ದು 98. ಆ 12 ಮಿ.ಮೀ. ರಬ್ಬರು ಗುಂಡಿಗೆ ಬಿದ್ದಾಗ ರಿಮ್ಮು ಬಾಗದಂತೆ ಕಾಯುತ್ತದೆ. ಒಂದೇ ದರ್ಜೆಯ 17ರ ಟೈರು 18ಕ್ಕಿಂತ ಸಾಮಾನ್ಯವಾಗಿ ಅಗ್ಗ, ಹಗುರವೂ ಹೌದು. 18ಕ್ಕೆ ಹೋಗಲು ನಿಜವಾದ ಕಾರಣ ಎರಡೇ: ದೊಡ್ಡ ಬ್ರೇಕು 17ರ ಒಳಗೆ ಹಿಡಿಸದಿರುವುದು, ಅಥವಾ ನಿಮಗೆ ಬೇಕಾದ ಟೈರು 17ರಲ್ಲಿ ಸಿಗದಿರುವುದು. ನೋಟಕ್ಕೆ 18 ಬೇಕೆಂದರೆ ಅದು ನಿಮ್ಮ ಇಷ್ಟ, ಆದರೆ ಹಿಡಿತಕ್ಕಾಗಿ ಎಂದು ಹೇಳಿಕೊಳ್ಳಬೇಡಿ.

ಆಟೋಕ್ರಾಸ್, ಅಂದರೆ ಶಂಕುಗಳ ನಡುವೆ ಒಬ್ಬೊಬ್ಬರೇ ಸಮಯಕ್ಕಾಗಿ ಓಡಿಸುವ ಸ್ಪರ್ಧೆ, ಆಡುವ ಯೋಚನೆಯಿದ್ದರೆ ಚಕ್ರ ಕೊಳ್ಳುವ ಮೊದಲೇ ಆ ವರ್ಷದ ನಿಯಮ ಪುಸ್ತಕ ತೆಗೆದು ನೋಡಿ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಎಸ್‌ಸಿಸಿಎ ನಡೆಸುವ ಸೋಲೋ ಸ್ಪರ್ಧೆಯ ಸ್ಟ್ರೀಟ್ ವಿಭಾಗದಲ್ಲಿ ರಿಮ್ಮಿನ ಅಗಲ ಕಾರ್ಖಾನೆಯದ್ದೇ ಇರಬೇಕು; ವ್ಯಾಸ ಒಂದು ಇಂಚು, ಆಫ್‌ಸೆಟ್ ಸುಮಾರು ಕಾಲು ಇಂಚಿನೊಳಗೆ ಮಾತ್ರ ಹೆಚ್ಚುಕಡಿಮೆ ಮಾಡಬಹುದು; ಟೈರಿನ ಟ್ರೆಡ್‌ವೇರ್, ಅಂದರೆ ಸವೆತ ತಾಳುವ ಅಂಕಿ, 200ಕ್ಕಿಂತ ಕೆಳಗಿರಬಾರದು. ಒಂಬತ್ತು ಇಂಚಿನ ರಿಮ್ ಹಾಕಿದ ಕ್ಷಣ ನೀವು ಆ ವಿಭಾಗದಿಂದ ಹೊರಗೆ, ಎಲ್ಲ ಥರದ ಬದಲಾವಣೆ ಮಾಡಿಸಿದ ಕಾರುಗಳ ಎದುರಿಗೆ.

ಮಿಷಿಗನ್, ನ್ಯೂಜೆರ್ಸಿಯಂಥ ಕಡೆ ಇರುವವರು ಎರಡು ಜೊತೆ ಚಕ್ರಗಳ ಲೆಕ್ಕ ಹಾಕಿ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಕಾರ್ಖಾನೆಯ 17ರ ರಿಮ್ಮನ್ನು ಮಾರಬೇಡಿ, ಅದಕ್ಕೆ 215/45ರ ಚಳಿಗಾಲದ ಟೈರು ಹಾಕಿಸಿಕೊಳ್ಳಿ. ಹಿಮದಲ್ಲಿ ಕಿರಿದಾದ ಟೈರೇ ಚೆನ್ನಾಗಿ ಕೊರೆದುಕೊಂಡು ಹೋಗುತ್ತದೆ. ಮಳೆ ನೀರು ನಿಂತ ಹೆದ್ದಾರಿಯಲ್ಲೂ ಹಾಗೆಯೇ. ಅಗಲದ ಟೈರು ನೀರಿನ ಮೇಲೆ ಬೇಗ ತೇಲುತ್ತದೆ, ಟ್ರೆಡ್ ಸವೆದಿದ್ದರಂತೂ ಇನ್ನೂ ಬೇಗ.

ಹಂತ 3: ಟೈರಿನ ಅಳತೆ

ಟೈರಿನ ಪಕ್ಕದ ಮೂರು ಅಂಕಿಗಳಿಂದ ಪೂರ್ತಿ ವ್ಯಾಸ ತೆಗೆಯಬಹುದು. ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. 215/45 ಆರ್17ಕ್ಕೆ: 96.75ರ ಎರಡರಷ್ಟು 193.5, ಅದಕ್ಕೆ 431.8 ಸೇರಿದರೆ 625.3 ಮಿ.ಮೀ. ಹೊಸ ಟೈರಿನ ವ್ಯಾಸ ಇದರಿಂದ ಒಂದೂವರೆ ಶೇಕಡದೊಳಗೆ ಇರಲಿ. ಅದಕ್ಕಿಂತ ದಾಟಿದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಗೇರಿನ ಅನುಪಾತ ಉದ್ದವಾಗಿ ಎಳೆತ ಮಂಕಾಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಟೈರಿನ ನೆತ್ತಿ ಮುಂದಿನ ಸ್ಪ್ರಿಂಗ್ ತಟ್ಟೆಯ ಹತ್ತಿರ ಏರುತ್ತದೆ.

ಈ ಕಾರಿಗೆ ಜನ ಹಾಕುವ ಅಳತೆಗಳನ್ನು ಹೀಗೆ ತೂಗಿ ನೋಡೋಣ. 245/40 ಆರ್17ರ ವ್ಯಾಸ 627.8, ಮೂಲಕ್ಕಿಂತ ಅರ್ಧ ಶೇಕಡವೂ ಹೆಚ್ಚಿಲ್ಲ. 225/45 ಆರ್17ರದ್ದು 634.3, ಸುಮಾರು ಒಂದೂವರೆ ಶೇಕಡ ದೊಡ್ಡದು, ಗಡಿಯಲ್ಲಿದೆ. 235/40 ಆರ್17ರದ್ದು 619.8, ತುಸು ಚಿಕ್ಕದು. ಗೇರು ಚುರುಕಾಗುತ್ತದೆ, ಕಾರು ಮೂರು ಮಿ.ಮೀ. ತಗ್ಗುತ್ತದೆ. 18ರಲ್ಲಿ 245/35 ಆರ್18ರದ್ದು 628.7, 215/40ರ 629.2ಕ್ಕೆ ಸರಿಸಾಟಿ. 235/40 ಆರ್18 ಮಾತ್ರ 645.2, ಎರಡೂವರೆ ಶೇಕಡ ದೊಡ್ಡದು. ಅದು ಬೇರೆ ಕಾರುಗಳಿಗೆ ಒಪ್ಪುವ ಅಳತೆ. ಸಿಗುತ್ತದೆ, ಅಗ್ಗ ಎಂದು ಇದಕ್ಕೆ ಹಾಕಬೇಡಿ.

ಭಾರ ಸೂಚ್ಯಂಕವನ್ನೂ ನೋಡಿ. 87 ಅಂದರೆ ಒಂದು ಟೈರಿಗೆ 545 ಕಿಲೋ, 91 ಅಂದರೆ 615 ಕಿಲೋ. ಕಾರಿನ ಬಾಗಿಲಂಚಿನ ಚೀಟಿಯಲ್ಲಿ ಶಿಫಾರಸು ಮಾಡಿದ ಟೈರಿನ ಸೂಚ್ಯಂಕಕ್ಕಿಂತ ಕೆಳಗೆ ಇಳಿಯಬಾರದು. ಅಗಲದ ಟೈರಿನಲ್ಲಿ ಇದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಮುಂದೆ ಕಿರಿದು, ಹಿಂದೆ ಅಗಲ ಹಾಕುವ ಚಾಳಿ ಈ ಕಾರಿಗೆ ಬೇಡ. 2.4 ಲೀಟರಿನ ಎಂಜಿನ್ ಕೊಡುವುದು 228 ಅಶ್ವಶಕ್ತಿ. ಹಿಂಚಕ್ರಕ್ಕೆ ಹೆಚ್ಚುವರಿ ರಬ್ಬರು ಬೇಕಾಗುವಷ್ಟು ಅಲ್ಲ. ಹಿಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ, ಈ ಕಾರಿನ ಸೊಗಸೇ ಹೋಗುತ್ತದೆ. ನಾಲ್ಕೂ ಒಂದೇ ಅಳತೆ ಇದ್ದರೆ ಟೈರುಗಳನ್ನು ಮುಂದೆ ಹಿಂದೆ ಬದಲಿಸಿ ಸಮವಾಗಿ ಸವೆಸಲೂಬಹುದು.

ಹಂತ 4: ರಿಮ್ಮಿನ ಅಗಲ

245/40 ಆರ್17ಕ್ಕೆ ಒಪ್ಪಿಗೆಯಿರುವ ರಿಮ್ 8ರಿಂದ 9.5 ಇಂಚು. 225/45 ಆರ್17ಕ್ಕೆ 7ರಿಂದ 8.5. 255/35 ಆರ್18ಕ್ಕೆ 8.5ರಿಂದ 10. ಟೈರು ತಯಾರಕರ ಪಟ್ಟಿಯಲ್ಲಿ ಇದು ಇರುತ್ತದೆ. ಕನಿಷ್ಠ ಅಗಲದ ರಿಮ್ಮಿಗೆ ಹಾಕಿದರೆ ಪಕ್ಕಗೋಡೆ ಉಬ್ಬಿಕೊಂಡು ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ತಡವಾಗಿ ಓಗೊಡುತ್ತದೆ. ಕಿರಿದಾದ ಟೈರನ್ನು ಅಗಲದ ರಿಮ್ಮಿಗೆ ಎಳೆದು ಹಾಕಿದರೆ ರಿಮ್ಮಿನ ಅಂಚು ಟೈರಿಗಿಂತ ಆಚೆ ಬಂದು ಮೊದಲ ಫುಟ್‌ಪಾತ್‌ನಲ್ಲೇ ಕೆತ್ತಿಹೋಗುತ್ತದೆ. ನಡುವಿನ ಅಗಲ ಹಿಡಿಯಿರಿ: 225ಕ್ಕೆ 8, 245ಕ್ಕೆ 8.5 ಅಥವಾ 9.

ಟೈರಿನ ಮೇಲೆ 245 ಎಂದು ಬರೆದಿದ್ದರೂ ನಿಜವಾದ ಅಗಲ ರಿಮ್ಮಿನ ಜೊತೆ ಬದಲಾಗುತ್ತದೆ. ಅರ್ಧ ಇಂಚು ರಿಮ್ ಅಗಲವಾದರೆ ಟೈರು ಸುಮಾರು 5 ಮಿ.ಮೀ. ಅಗಲವಾಗುತ್ತದೆ. 245/40 ಆರ್17 ಸಾಮಾನ್ಯವಾಗಿ 8.5ರ ಮೇಲೆ 248 ಮಿ.ಮೀ., 9ರ ಮೇಲೆ 253 ಆಸುಪಾಸು. ಮುಂದಿನ ಲೆಕ್ಕಕ್ಕೆ ಇದೇ ಅಂಕಿ ಬೇಕು, ಟೈರಿನ ಮೇಲೆ ಅಚ್ಚಾದದ್ದಲ್ಲ. ಒಂದು ಕಂಪನಿಯ 245 ಇನ್ನೊಂದರ 255ರಷ್ಟು ಅಗಲ ಬರುವುದೂ ಉಂಟು, ಅದರಲ್ಲೂ 200 ಟ್ರೆಡ್‌ವೇರಿನ ಟ್ರ್ಯಾಕ್ ಟೈರುಗಳು ಚೌಕಾಕಾರದ ಭುಜದವು. ನೀವು ಕೊಳ್ಳುವ ಮಾದರಿಯದ್ದೇ ಅಳತೆ ಪಟ್ಟಿ ನೋಡಿ.

ಹಂತ 5: ಕಾರಿನಲ್ಲಿ ಜಾಗ ಅಳೆಯಿರಿ

ಇದನ್ನೇ ಎಲ್ಲರೂ ಬಿಡುವುದು. ಇನ್ನೊಬ್ಬರ ಕಾರಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಬೇಕೆಂದಿಲ್ಲ. ತಗ್ಗಿಸಿದ ಸ್ಪ್ರಿಂಗು, ಬದಲಾದ ಸ್ಟ್ರಟ್ಟು (ಮುಂಚಕ್ರದ ಶಾಕ್ ಅಬ್ಸಾರ್ಬರ್ ಕಂಬ), ಕ್ಯಾಂಬರ್ (ಚಕ್ರದ ವಾಲು) ಎಲ್ಲ ಸೇರಿ ಎಡ ಬಲಕ್ಕೇ ನಾಲ್ಕು ಮಿ.ಮೀ. ವ್ಯತ್ಯಾಸ ಬರಬಹುದು.

ಬೇಕಾದದ್ದು ನೇರವಾದ ಅಲ್ಯೂಮಿನಿಯಂ ಪಟ್ಟಿ, ಉಕ್ಕಿನ ಸ್ಕೇಲು, ಒಂದು ದಾರಕ್ಕೆ ಕಟ್ಟಿದ ನಟ್ಟು, ಮಕ್ಕಳು ಆಡುವ ಜೇಡಿಮಣ್ಣಿನಂಥ ಕ್ಲೇ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಹತ್ತು ಮೀಟರು ಮುಂದೆ ಹಿಂದೆ ಓಡಿಸಿ ಸಸ್ಪೆನ್ಷನ್ ಕೂರಲು ಬಿಡಿ.

ಹೊರಗಿನ ಜಾಗಕ್ಕೆ: ಮಡ್‌ಗಾರ್ಡಿನ ಅಂಚಿನಿಂದ ದಾರ ಇಳಿಬಿಟ್ಟು, ದಾರಕ್ಕೂ ಟೈರಿನ ಅತಿ ಉಬ್ಬಿದ ಭಾಗಕ್ಕೂ ಇರುವ ಅಂತರ ಅಳೆಯಿರಿ. ನಾಲ್ಕೂ ಮೂಲೆ ಬರೆದುಕೊಳ್ಳಿ.

ಒಳಗಿನ ಜಾಗಕ್ಕೆ: ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಸ್ಟ್ರಟ್ಟಿಗೂ ಟೈರಿಗೂ ನಡುವಿನ ಕಿರಿದಾದ ಸಂದಿ ಹುಡುಕಿ. ಸ್ಕೇಲು ಹಿಡಿಸದಲ್ಲಿ ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್ಟುಗಳನ್ನು ತೂರಿಸಿ ನೋಡಿ. ಯಾವುದು ಬಿಗಿಯಾಗಿ ಹೋಗುತ್ತದೋ ಅದೇ ನಿಮ್ಮ ಅಳತೆ. ಸ್ಪ್ರಿಂಗಿನ ಕೆಳತಟ್ಟೆ ಟೈರಿನ ನೆತ್ತಿಗಿಂತ ಮೇಲಿದೆಯೋ ಪಕ್ಕದಲ್ಲಿದೆಯೋ ಎಂದೂ ಗುರುತು ಹಾಕಿಕೊಳ್ಳಿ. ಪಕ್ಕದಲ್ಲಿದ್ದರೆ ಅದೇ ನಿಮ್ಮ ಗಡಿ.

ಎಷ್ಟು ಸಂದಿ ಉಳಿಯಬೇಕು? ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅದು ಚಕ್ರದ ಗೂಟಕ್ಕೇ, ಅಂದರೆ ಹಬ್ಬನ್ನು ಹಿಡಿದಿರುವ ನಕಲ್‌ಗೇ, ಬಿಗಿದಿರುವುದರಿಂದ ಚಕ್ರ ಏರಿದರೂ ತಿರುಗಿದರೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಸ್ಟ್ರಟ್ಟಿನ ಬಳಿ 4 ಮಿ.ಮೀ. ಉಳಿದರೂ ಸಾಕು, ಟೈರು ತಿರುವಿನಲ್ಲಿ ಬಾಗುವಷ್ಟಕ್ಕೆ ಮಾತ್ರ. ಹೊರಗೆ ಹಾಗಲ್ಲ. ಮಡ್‌ಗಾರ್ಡ್ ಕಾರಿನ ಮೈಗೆ ಅಂಟಿದ್ದು, ಚಕ್ರ ಅದರೊಳಗೆ ಏರಿಳಿಯುತ್ತದೆ. ಹಿಂದೆ ಡಬಲ್ ವಿಷ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ತೋಳಿನ ಸಸ್ಪೆನ್ಷನ್. ಅಲ್ಲಿ ಚಕ್ರ ಏರಿದಂತೆ ನೆತ್ತಿ ಒಳಕ್ಕೆ ವಾಲುತ್ತದೆ, ಅಷ್ಟರಮಟ್ಟಿಗೆ ಅನುಕೂಲ. ಆದರೂ ಹಿಂದೆ ತೊಂದರೆ ಬರುವುದು ಹೊರಗಡೆಗೇ, ಒಳಗೆ ಜಾಗ ಸಾಕಷ್ಟಿದೆ.

ಹಂತ 6: ಆಫ್‌ಸೆಟ್ ಲೆಕ್ಕ

ಚಕ್ರ ಹಬ್ಬಿಗೆ ಒರಗುವ ಮೇಲ್ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆಯೋ ಅದೇ ಧನ ಆಫ್‌ಸೆಟ್. ಅಂಕಿ ಹೆಚ್ಚಾದಷ್ಟೂ ಚಕ್ರ ಒಳಕ್ಕೆ ಸರಿಯುತ್ತದೆ.

ಟೈರಿನ ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್ಬಿನಿಂದ ಒಳಕ್ಕೆ ಟೈರು ಎಷ್ಟು ಚಾಚುತ್ತದೆ ಎಂಬುದು ಸಿಗುತ್ತದೆ. ಕಳೆದರೆ ಹೊರಕ್ಕೆ ಎಷ್ಟು ಎಂಬುದು. ಮೂಲ 17×7.5, +48ರ ಮೇಲೆ 215ರ ಟೈರು ಸುಮಾರು 218 ಮಿ.ಮೀ. ಅಗಲ. ಅರ್ಧ 109. ಒಳಕ್ಕೆ 157, ಹೊರಕ್ಕೆ 61.

ಈಗ 17×9, +42, 245ರ ಟೈರು ತೆಗೆದುಕೊಳ್ಳಿ. ಅಗಲ 253, ಅರ್ಧ 126.5. ಒಳಕ್ಕೆ 168.5, ಅಂದರೆ ಮೂಲಕ್ಕಿಂತ 11.5 ಮಿ.ಮೀ. ಹೆಚ್ಚು. ಹೊರಕ್ಕೆ 84.5, ಅಂದರೆ 23.5 ಹೆಚ್ಚು. ಅದೇ ಚಕ್ರ +45 ಆದರೆ ಒಳಕ್ಕೆ 14.5, ಹೊರಕ್ಕೆ 20.5. 17×8.5, +45 ಆದರೆ ಒಳಕ್ಕೆ 12, ಹೊರಕ್ಕೆ 18. ಹಂತ 5ರಲ್ಲಿ ಬರೆದುಕೊಂಡ ಸಂದಿಯಿಂದ ಇವನ್ನು ಕಳೆಯಿರಿ. ಸ್ಟ್ರಟ್ಟಿನ ಬಳಿ ನಿಮಗೆ 20 ಮಿ.ಮೀ. ಇತ್ತು ಎಂದಿಟ್ಟುಕೊಂಡರೆ +45ರ ಒಂಬತ್ತು ಇಂಚಿನಲ್ಲಿ 5.5 ಉಳಿಯುತ್ತದೆ. ಸಾಕು. 16 ಇತ್ತು ಎಂದರೆ ಒಂದೂವರೆ ಉಳಿಯುತ್ತದೆ. ಸಾಲದು, +42ಕ್ಕೆ ಹೋಗಬೇಕು.

ರಸ್ತೆಗೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಹೋಗುವ ಕಾರಿಗೆ ನಮ್ಮ ಆಯ್ಕೆ 17×8.5 ಅಥವಾ 17×9, +42ರಿಂದ +45, ನಾಲ್ಕಕ್ಕೂ 245/40. ಬರೀ ರಸ್ತೆಗೆ, ಏನೂ ಕತ್ತರಿಸದೆ, ಕ್ಯಾಂಬರ್ ಮುಟ್ಟದೆ ಇರಬೇಕೆಂದರೆ 17×8, +45ರ ಮೇಲೆ 225/45. ರಿಮ್ಮು ಹೊರಕ್ಕೆ ಒಂಬತ್ತು, ಒಳಕ್ಕೆ ಮೂರು ಮಿ.ಮೀ. ಅಷ್ಟೇ ಸರಿಯುತ್ತದೆ. 18×9.5, +40ರ ಮೇಲೆ 255/35 ಎಂಬುದನ್ನು ಚಿತ್ರಗಳಲ್ಲಿ ಬಹಳ ಕಾಣುತ್ತೀರಿ. ರಿಮ್ಮು 33 ಮಿ.ಮೀ. ಹೊರಕ್ಕೂ 17 ಒಳಕ್ಕೂ ಹೋಗುತ್ತದೆ. ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗು-ಶಾಕ್ ಜೋಡಿ), ಮುಂದೆ ಎರಡೂವರೆ ಡಿಗ್ರಿಯಾದರೂ ಋಣ ಕ್ಯಾಂಬರ್ (ಚಕ್ರದ ನೆತ್ತಿ ಒಳಕ್ಕೆ ವಾಲುವುದು), ಹಿಂದಿನ ಮಡ್‌ಗಾರ್ಡಿನ ಅಂಚು ಮಡಿಸುವುದು, ಇಷ್ಟಕ್ಕೂ ಸಿದ್ಧರಿದ್ದರೆ ಮಾತ್ರ ಆ ಕಡೆ ತಲೆ ಹಾಕಿ.

ಹೊರಕ್ಕೆ ತಳ್ಳಿದಷ್ಟೂ ಚೆನ್ನ ಎಂಬ ನಂಬಿಕೆಯೂ ಬೇಡ. ಮುಂಚಕ್ರ ಹೊರಗೆ ಸರಿದಂತೆ ಅದು ತಿರುಗುವ ಅಕ್ಷದಿಂದ ದೂರವಾಗುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತದೆ, ಲಾರಿಗಳು ತುಳಿದು ಗೆರೆ ಬಿದ್ದ ರಸ್ತೆಯಲ್ಲಿ ಕಾರು ಆ ಗೆರೆಯನ್ನೇ ಹಿಡಿದು ಹೋಗಲು ನೋಡುತ್ತದೆ, ಹಬ್ ಬೇರಿಂಗಿನ ಮೇಲೂ ಭಾರ ಏರುತ್ತದೆ.

ಹಂತ 7: ಕ್ಯಾಂಬರ್ ಎಲ್ಲಿಂದ ತರುತ್ತೀರಿ ಎಂಬುದರ ಮೇಲೆ ಜಾಗ ನಿಂತಿದೆ

ಒಂಬತ್ತು ಇಂಚಿನ ಚಕ್ರ ಮುಂದಿನ ಮಡ್‌ಗಾರ್ಡಿನೊಳಗೆ ಕೂರಬೇಕಾದರೆ ಒಂದೂವರೆ ಡಿಗ್ರಿ ಋಣ ಕ್ಯಾಂಬರ್ ಬೇಕಾಗುತ್ತದೆ. ತರಲು ಎರಡು ದಾರಿ. ಒಂದು, ಸ್ಟ್ರಟ್ಟಿನ ಕೆಳಗೆ ಗೂಟವನ್ನು ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕುವುದು. ಅಗ್ಗ, ಅರ್ಧ ದಿನದ ಕೆಲಸ. ಇನ್ನೊಂದು, ಸ್ಟ್ರಟ್ಟಿನ ನೆತ್ತಿಗೆ ಕ್ಯಾಂಬರ್ ಪ್ಲೇಟ್ ಹಾಕುವುದು. ದುಬಾರಿ, ಸದ್ದೂ ಸ್ವಲ್ಪ ಹೆಚ್ಚು.

ಇವೆರಡೂ ಒಂದೇ ಕ್ಯಾಂಬರ್ ಕೊಟ್ಟರೂ ಜಾಗದ ಮೇಲೆ ಮಾಡುವ ಪರಿಣಾಮ ಬೇರೆ. ಬೋಲ್ಟಿನಲ್ಲಿ ವಾಲಿಸಿದಾಗ ಸ್ಟ್ರಟ್ಟು ಇದ್ದಲ್ಲೇ ಇರುತ್ತದೆ, ಚಕ್ರ ಮಾತ್ರ ಅದರ ಕಡೆಗೆ ವಾಲುತ್ತದೆ. ಡಿಗ್ರಿಗೆ ಮೂರರಿಂದ ನಾಲ್ಕು ಮಿ.ಮೀ. ಒಳಸಂದಿ ಕರಗುತ್ತದೆ. ನೀವು ಲೆಕ್ಕ ಹಾಕಿ ಉಳಿಸಿಕೊಂಡಿದ್ದ 5.5 ಮಿ.ಮೀ. ಒಂದೂವರೆ ಡಿಗ್ರಿಗೇ ಖಾಲಿ! ಪ್ಲೇಟಿನಲ್ಲಿ ವಾಲಿಸಿದರೆ ಸ್ಟ್ರಟ್ಟೂ ಚಕ್ರವೂ ಒಟ್ಟಿಗೆ ವಾಲುತ್ತವೆ, ನಡುವಿನ ಸಂದಿ ಹಾಗೆಯೇ ಇರುತ್ತದೆ. 'ಚಕ್ರ ಹಾಕಿದಾಗ ಸರಿಯಿತ್ತು, ಅಲೈನ್‌ಮೆಂಟ್ ಮಾಡಿಸಿ ಬಂದ ಮೇಲೆ ಸ್ಟ್ರಟ್ಟಿಗೆ ಉಜ್ಜುತ್ತಿದೆ' ಎಂಬ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ. ಕ್ಯಾಂಬರ್ ಬೋಲ್ಟ್ ಹಾಕುವವರಾದರೆ ಒಳಸಂದಿಯ ಲೆಕ್ಕಕ್ಕೆ ಆ ಮಿ.ಮೀ.ಗಳನ್ನು ಮೊದಲೇ ಸೇರಿಸಿಕೊಂಡು +42ರಂಥ ಕಡಿಮೆ ಆಫ್‌ಸೆಟ್ ಆರಿಸಿ.

ರಸ್ತೆಗೆ ಮುಂದೆ ಹಿಂದೆ ಸುಮಾರು ಒಂದೂವರೆ ಡಿಗ್ರಿ, ಟ್ರ್ಯಾಕಿಗೆ ಮುಂದೆ ಎರಡೂವರೆಯಿಂದ ಮೂರು, ಹಿಂದೆ ಎರಡು. ಮುಂದಿನ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸೊನ್ನೆ ಇರಲಿ. ರಸ್ತೆಯ ಕಾರಿನಲ್ಲಿ ಟೈರಿನ ಒಳ ಅಂಚು ಸವೆಯುವುದು ಬಹಳ ಮಟ್ಟಿಗೆ ತಪ್ಪು ಟೋದಿಂದ, ಬೈಗುಳ ಮಾತ್ರ ಕ್ಯಾಂಬರಿಗೆ.

ಹಂತ 8: ಬ್ರೇಕು, ಹಬ್ ರಿಂಗ್, ನಟ್

ಬ್ರೆಂಬೋ ಕಂಪನಿಯ ದೊಡ್ಡ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅಮುಕುವ ಭಾಗ) ಇರುವ ಕಾರಾದರೆ ಆಫ್‌ಸೆಟ್ ಸರಿಯಿದ್ದರೂ ಚಕ್ರದ ಕಡ್ಡಿಗಳ ಬೆನ್ನು ಕ್ಯಾಲಿಪರಿಗೆ ತಾಗಬಹುದು. ಇದು ಅಂಕಿಗಳಲ್ಲಿ ಕಾಣುವುದಿಲ್ಲ. ಒಂದೇ ಅಳತೆಯ ಎರಡು ವಿನ್ಯಾಸಗಳಲ್ಲಿ ಒಂದು ಹಿಡಿಸುತ್ತದೆ, ಇನ್ನೊಂದು ಇಲ್ಲ. ಬ್ರೇಕ್ ತಯಾರಕರು ಕೊಡುವ ರಟ್ಟಿನ ಅಚ್ಚಿದ್ದರೆ ಕತ್ತರಿಸಿ ಚಕ್ರದೊಳಗೆ ತಿರುಗಿಸಿ ನೋಡಿ. ಎಲ್ಲ ಕಡೆ 3 ಮಿ.ಮೀ. ಬೇಕು.

ಮಾರುಕಟ್ಟೆಯ ಚಕ್ರಗಳ ನಡುತೂತು ಬೇಕೆಂದೇ ದೊಡ್ಡದಾಗಿರುತ್ತದೆ, ಹಲವು ಕಾರುಗಳಿಗೆ ಹೊಂದಲೆಂದು. ಎಂಕೈ ಕಂಪನಿಯ ಆರ್‌ಪಿಎಫ್1 ಚಕ್ರದ ಐದು ತೂತಿನದ್ದು 73 ಮಿ.ಮೀ. ಅದಕ್ಕೂ 56.1ರ ಹಬ್ಬಿಗೂ ನಡುವೆ 73ರಿಂದ 56.1ರ ಹಬ್ ರಿಂಗ್ ಹಾಕಿ. ಭಾರ ಹೊರುವುದು ರಿಂಗ್ ಅಲ್ಲ, ನಟ್ಟುಗಳ ಒತ್ತಡದಿಂದ ಬರುವ ಘರ್ಷಣೆ. ರಿಂಗಿನ ಕೆಲಸ ಬಿಗಿಯುವಾಗ ಚಕ್ರವನ್ನು ನಡುಮಧ್ಯ ಹಿಡಿಯುವುದು. ಇಲ್ಲದಿದ್ದರೆ ಗಂಟೆಗೆ ನೂರು ಕಿ.ಮೀ. ಹತ್ತಿರ ಸ್ಟೀರಿಂಗ್ ನಡುಗುತ್ತದೆ, ನೀವು ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುತ್ತೀರಿ, ಅದು ಹೋಗುವುದಿಲ್ಲ. ಟ್ರ್ಯಾಕಿನ ಕಾರಿಗೆ ಅಲ್ಯೂಮಿನಿಯಂ ರಿಂಗ್ ತೆಗೆದುಕೊಳ್ಳಿ, ಪ್ಲಾಸ್ಟಿಕ್ಕಿನದು ಬ್ರೇಕಿನ ಶಾಖಕ್ಕೆ ಕರಗುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರಿನಲ್ಲಿ ಅಲ್ಯೂಮಿನಿಯಂ ರಿಂಗ್ ಹಬ್ಬಿಗೆ ಅಂಟಿಕೊಳ್ಳುತ್ತದೆ, ತೆಳುವಾಗಿ ಗ್ರೀಸು ಸವರಿ.

ನಟ್ಟು ಎಂ12×1.25, 60 ಡಿಗ್ರಿ. ಟೊಯೋಟಾದ ಹಲವು ಕಾರುಗಳದ್ದು ಎಂ12×1.5. ಅದು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಂಡಾಗ ಇಂಪ್ಯಾಕ್ಟ್ ಗನ್ ಒತ್ತಿದರೆ ಸ್ಟಡ್ಡು ಹಾಳು. ಪ್ರತಿ ನಟ್ಟನ್ನೂ ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ. ಸ್ಟಡ್ಡಿನ ವ್ಯಾಸದಷ್ಟಾದರೂ, ಅಂದರೆ 12 ಮಿ.ಮೀ. ಉದ್ದ, ಮರೆ ಕಚ್ಚಬೇಕು. 1.25ರ ಮರೆಗೆ ಅದು ಸುಮಾರು ಹತ್ತು ಸುತ್ತು. ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿದ್ದರೆ ಮತ್ತೆ ಎಣಿಸಿ. ಹತ್ತಕ್ಕಿಂತ ಕಡಿಮೆ ಬಂದರೆ ಉದ್ದನೆಯ ಸ್ಟಡ್ಡು ಹಾಕಿಸದೆ ಓಡಿಸಬೇಡಿ.

ಹಂತ 9: ಕೊಳ್ಳುವಾಗ

ಅಗ್ಗದ ಎರಕದ ಚಕ್ರಕ್ಕಿಂತ ಫ್ಲೋ ಫಾರ್ಮ್ ಮಾಡಿದ್ದು (ಎರಕವನ್ನು ತಿರುಗಿಸುತ್ತ ಒತ್ತಿ ತೆಳುವಾಗಿಸಿದ್ದು) ಅದೇ ಬಲಕ್ಕೆ ಹಗುರ, ಫೋರ್ಜ್ ಮಾಡಿದ್ದು (ಭಾರೀ ಒತ್ತಡದಲ್ಲಿ ಅಚ್ಚೊತ್ತಿದ್ದು) ಇನ್ನೂ ಗಟ್ಟಿ, ಬೆಲೆಯೂ ಹಾಗೆಯೇ. ಒಳಬದಿಯಲ್ಲಿ ಚಕ್ರದ ಬಲ ಪರೀಕ್ಷೆಗೆ ಸಂಬಂಧಿಸಿದ ಜಪಾನಿನ ಜೆಡಬ್ಲ್ಯುಎಲ್, ವಿಐಎ ಗುರುತುಗಳನ್ನೂ ಒಂದು ಚಕ್ರ ಹೊರಬಲ್ಲ ಭಾರವನ್ನೂ ಹುಡುಕಿ. ಆ ಭಾರ ಬಾಗಿಲಂಚಿನ ಚೀಟಿಯಲ್ಲಿರುವ ಆಕ್ಸಲ್ ಭಾರದ ಅರ್ಧಕ್ಕಿಂತ ಕಡಿಮೆ ಇರಕೂಡದು. ಹೆಸರಾಂತ ವಿನ್ಯಾಸದ ನಕಲು ಕಡಿಮೆ ಬೆಲೆಗೆ ಸಿಕ್ಕಿದರೆ ಬಿಟ್ಟುಬಿಡಿ. ಕಡ್ಡಿ ಮುರಿಯುವುದು ನಿಂತ ಕಾರಿನಲ್ಲಲ್ಲ.

ಹಳೆಯ ಚಕ್ರವಾದರೆ ಟೈರು ಅಂಗಡಿಯ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಬರೀ ರಿಮ್ಮನ್ನು ತಿರುಗಿಸಿ ಒಳ ಅಂಚು ನೋಡಿ. ಬಾಗುವುದೂ ಸೀಳುವುದೂ ಹೆಚ್ಚಾಗಿ ಒಳ ಅಂಚಿನಲ್ಲೇ, ಹೊರಗಿನಿಂದ ಕಾಣುವುದಿಲ್ಲ. ಹೊಸದಾಗಿ ಬಣ್ಣ ಬಳಿದ ಹಳೆಯ ಚಕ್ರದ ಬಗ್ಗೆ ಇನ್ನಷ್ಟು ಎಚ್ಚರ ಇರಲಿ.

ಅಮೆರಿಕದಲ್ಲಿ ಮಾರುವ ಈ ಕಾರುಗಳಲ್ಲಿ ಗಾಳಿಯ ಒತ್ತಡ ಹೇಳುವ ಸೆನ್ಸರ್ ಪ್ರತಿ ಚಕ್ರದೊಳಗೂ ಇರುತ್ತದೆ. ಎರಡನೇ ಜೊತೆಗೆ ಹೊಸ ಸೆನ್ಸರ್ ಕೊಂಡರೆ ಅವುಗಳ ಸಂಖ್ಯೆಯನ್ನು ಕಾರಿನ ಕಂಪ್ಯೂಟರಿಗೆ ಸೇರಿಸಬೇಕು, ತಾನಾಗಿ ಗುರುತಿಸಿಕೊಳ್ಳುವುದಿಲ್ಲ. ಈಗಿರುವ ಸೆನ್ಸರುಗಳ ಸಂಖ್ಯೆಯನ್ನೇ ನಕಲು ಮಾಡಿದ ಸೆನ್ಸರ್ ಹಾಕಿಸಿದರೆ ಋತು ಬದಲಾದಾಗಲೆಲ್ಲ ಅಂಗಡಿಗೆ ಓಡುವ ಕೆಲಸ ತಪ್ಪುತ್ತದೆ.

ಹಂತ 10: ಟೈರು ಕೂರಿಸುವ ಮುನ್ನ ಬರೀ ಚಕ್ರ ಹಾಕಿ ನೋಡಿ

ಟೈರು ಏರಿಸಿದ ಚಕ್ರವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮುಂದಕ್ಕೊಂದು ಹಿಂದಕ್ಕೊಂದು ಬರೀ ಚಕ್ರ ಹಾಕಿ, ಐದೂ ನಟ್ಟು ಕೈಯಿಂದ ಬಿಗಿದು, ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಕ್ಯಾಲಿಪರಿನ ಮೇಲೆ ಬಟಾಣಿ ಗಾತ್ರದ ಕ್ಲೇ ಅಂಟಿಸಿ ತಿರುಗಿಸಿದರೆ ಉಳಿದ ದಪ್ಪವೇ ನಿಮ್ಮ ಸಂದಿ. ಗೀಚದಂತೆ ನಡುವೆ ಬಟ್ಟೆ ಇಡಿ.

ಸರಿಯಿದ್ದರೆ ಟೈರು ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ, ಅಲ್ಲಿ ಒಂದು ಚೂರು ಹಕ್ಕಳೆ ಉಳಿದರೂ ಚಕ್ರ ಓರೆಯಾಗಿ ಕೂರುತ್ತದೆ. ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಮೊದಲು ಚಕ್ರ ಗಾಳಿಯಲ್ಲಿರುವಾಗ ಹಗುರವಾಗಿ, ಆಮೇಲೆ ನೆಲಕ್ಕಿಳಿಸಿ ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿಯಿರಿ. ಮರೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ಅದೇ ಅಂಕಿಗೆ ಸ್ಟಡ್ಡು ಹೆಚ್ಚು ಎಳೆದುಕೊಳ್ಳುತ್ತದೆ.

ಗಾಳಿಯನ್ನು ಬಾಗಿಲಂಚಿನ ಚೀಟಿಯಲ್ಲಿರುವಷ್ಟೇ, ಟೈರು ತಣ್ಣಗಿರುವಾಗ ಹಾಕಿ.

ಉಜ್ಜುತ್ತಿದೆಯೇ ಎಂದು ನೋಡಲು ಮಡ್‌ಗಾರ್ಡಿನ ಅಂಚಿಗೂ ಒಳಪದರಕ್ಕೂ ಸೀಮೆಸುಣ್ಣ ಸವರಿ, ಹಿಂದಿನ ಸೀಟಿನಲ್ಲಿ ಭಾರ ಹೇರಿ, ಖಾಲಿ ಜಾಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ, ರಸ್ತೆ ಉಬ್ಬನ್ನು ನಿಧಾನಕ್ಕೆ ಓರೆಯಾಗಿ ಹತ್ತಿಸಿ. ಸುಣ್ಣ ಅಳಿಸಿದ ಜಾಗವೇ ತಾಗುವ ಜಾಗ. ಈ ಕಾರಿನಲ್ಲಿ ಮೊದಲು ತಾಗುವುದು ಹೆಚ್ಚಾಗಿ ಬಂಪರು ಮಡ್‌ಗಾರ್ಡಿಗೆ ಸೇರುವಲ್ಲಿ ಒಳಗೆ ಚಾಚಿರುವ ನಾಲಿಗೆಯಂಥ ಪಟ್ಟಿಗೆ. ಹಿಂದಿನದ್ದನ್ನು ಒಳಕ್ಕೆ ಮಡಿಸಬಹುದು ಇಲ್ಲವೇ ತುದಿ ಕತ್ತರಿಸಬಹುದು. ಲೋಹ ಕತ್ತರಿಸಿದರೆ ಅದೇ ದಿನ ಬಣ್ಣ ಹಚ್ಚಿ. ಮುಂದಿನ ಪ್ಲಾಸ್ಟಿಕ್ ಒಳಪದರಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ತಾಗಿದರೆ ಹೀಟ್ ಗನ್ನಿನಿಂದ ಮೆದು ಮಾಡಿ ಒತ್ತಿ ಹಿಂದಕ್ಕೆ ಸರಿಸಿ. ಮಡ್‌ಗಾರ್ಡಿನ ಲೋಹದ ಅಂಚಿಗೇ ಟೈರು ತಾಗುತ್ತಿದ್ದರೆ ಹಾಗೆಯೇ ಓಡಿಸಬಾರದು, ಅದು ಪಕ್ಕಗೋಡೆಯನ್ನು ಸೀಳುತ್ತದೆ. ಕ್ಯಾಂಬರ್ ಹೆಚ್ಚಿಸಿ, ಇಲ್ಲವೇ ಟೈರಿನ ಅಳತೆ ಇಳಿಸಿ.

ಮೊದಲ 80ರಿಂದ 100 ಕಿ.ಮೀ. ಆದ ಮೇಲೆ, ಚಕ್ರ ಪೂರ್ತಿ ತಣ್ಣಗಾದಾಗ, ಇಪ್ಪತ್ತೂ ನಟ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಹೊಸ ಚಕ್ರದ ಬಣ್ಣ ನಟ್ಟಿನ ತಳದಲ್ಲಿ ಒತ್ತಿಕೊಂಡು ಕೂರುವುದರಿಂದ ಒಂದೆರಡು ಸಡಿಲವಾಗಿರುವುದು ಸಾಮಾನ್ಯ. ಅದೇ ನಟ್ಟು ಎರಡನೇ ಸಲವೂ ಸಡಿಲವಾಗಿ ಸಿಕ್ಕಿತೋ, ಚಕ್ರ ಬಿಚ್ಚಿ ಆ ಸ್ಟಡ್ಡಿನ ಮರೆಯನ್ನೂ ತೂತಿನ ಶಂಕುವನ್ನೂ ನೋಡದೆ ಕಾರು ಹೊರಗೆ ತೆಗೆಯಬೇಡಿ.